ಚೀಲಕ್ಕೆ ತುಂಬಿದ ಗುಡ್ಡ

ಮೈಲಾರಪ್ಪನ ನರ್ಸರಿಗೆ ಆ ಮಣ್ಣನ್ನು ತೋರಿಸಿಕೊಟ್ಟವಳು ನಾನೇ. ಇದನ್ನು ಮೊದಲೇ ಹೇಳಿಬಿಡಬೇಕು. ಒರತೆ ಬತ್ತಿದ್ದಕ್ಕೆ ನಮ್ಮ ಓಣಿಯಲ್ಲಿ ಈಗ ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಾರೆ. ಮಳೆ ಕಡಿಮೆಯಾಯಿತು ಅನ್ನುವವರಿದ್ದಾರೆ. ಗುಡ್ಡದ ಮೇಲಿನ ಗಾಳಿಫ್ಯಾನುಗಳು ಮೋಡ ಓಡಿಸುತ್ತವೆ ಅನ್ನುವವರಿದ್ದಾರೆ. ಮುಟ್ಟಾದವರು ಯಾರೋ ಒರತೆಯ ಡೋಣಿ ಮುಟ್ಟಿದರು ಅಂತ ಹೆಣ್ಣುಮಕ್ಕಳ ತಲೆಗೆ ಕಟ್ಟುವವರೂ ಇದ್ದಾರೆ. ಆ ಮಾತು ಕೇಳಿಯೂ ನಾನು ಸುಮ್ಮನಿದ್ದರೆ ಅದೂ ಒಂದು ಸುಳ್ಳೇ.

ಗಜೇಂದ್ರಗಡದ ಗುಡ್ಡದ ಸಾಲಿಗೆ ಬೆನ್ನು ಕೊಟ್ಟು ಕೂತ ಹದಿನೆಂಟು ಮನೆಗಳ ಓಣಿ ನಮ್ಮದು. ಮೇಲಿನಿಂದ ಒಂದು ಕೊಳ್ಳ ಇಳಿದು ಬರುತ್ತದೆ. ಕೊಳ್ಳದ ಬಾಯಲ್ಲಿ ಎರಡಾಳೆತ್ತರದ ಬಂಡೆ, ಬಂಡೆಯ ಬುಡದ ಸೀಳಿನಲ್ಲಿ ಒರತೆ. ಅಲ್ಲಿಂದ ಕಿರುಬೆರಳಿನಷ್ಟು ನೀರು ಕಲ್ಲಿನ ಡೋಣಿಗೆ, ಅಂದರೆ ತೊಟ್ಟಿಗೆ ಬೀಳುತ್ತಿತ್ತು. ಶ್ರಾವಣದಲ್ಲಿ ಹೆಬ್ಬೆರಳಿನಷ್ಟಾಗುತ್ತಿತ್ತು, ಅಷ್ಟೇ. ಕೆಳಗಿನ ಹಳ್ಳ ಒಣಗಿ, ಎರೆ ಹೊಲ ಬಾಯಿ ಬಿಟ್ಟು, ಆ ಬಿರುಕಿನಲ್ಲಿ ಕುಡಗೋಲು ಬಿದ್ದರೆ ಸಿಗದಂತಹ ಬೇಸಿಗೆಯಲ್ಲೂ ಆ ಕಿರುಬೆರಳು ಸಣ್ಣದಾಗುತ್ತಿರಲಿಲ್ಲ. ರಸ್ತೆ ಬದಿಗೆ ಬೋರು ಇದೆ, ನಲ್ಲಿ ಇದೆ, ನೀರೂ ಬೇಕಾದಷ್ಟು ಬರುತ್ತದೆ. ಆದರೆ ಸವಳು. ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬಿಡುವುದಿಲ್ಲ. ಕುಡಿಯಲು ಹದಿನೆಂಟೂ ಮನೆಗೆ ಕೊಳ್ಳದ ಸೀನೀರೇ.

ಒರತೆಗೆ ಎಲ್ಲರಿಗಿಂತ ಹತ್ತಿರದ ಮನೆ ಮಾಸುಮಬಿಯದು. ನಾನು ಮದುವೆಯಾಗಿ ಈ ಓಣಿಗೆ ಬಂದಾಗ ಆಕೆ ಎರಡು ವರ್ಷ ಹಳೆಯ ಸೊಸೆ. ಐವತ್ತು ವರ್ಷ ಸಾಲಿನಲ್ಲಿ ಕೊಡ ಇಟ್ಟು ಕೂತು ಮಾತಾಡಿದ್ದೇವೆ. ಹಡೆದದ್ದು, ಕಳಕೊಂಡದ್ದು, ಅತ್ತೆಯಂದಿರ ಚಾಡಿ, ಎಲ್ಲವೂ ಕೊಡ ತುಂಬುವ ಹೊತ್ತಿನಲ್ಲೇ. ಆಕೆಗೆ ಮೂತ್ರಪಿಂಡದಲ್ಲಿ ಹರಳಾಗುವ ಕಾಯಿಲೆ. ಗದಗಿನಲ್ಲಿ ಎರಡು ಸಲ ತೆಗೆಸಿದ್ದಾರೆ. ಸವಳು ನೀರು ಕುಡಿದರೆ ಮತ್ತೆ ಬರುತ್ತದೆ, ಮೂರನೇ ಸಲ ಕಿಡ್ನಿ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದರೆ, ಈಕೆ ನಕ್ಕಿದ್ದಳು.

"ನಮ್ಮ ವರತಿ ಇರೋತನಾ ನನಗೇನೂ ಆಗಂಗಿಲ್ರಿ. ನೀವ ಒಮ್ಮೆ ಬಂದು ಕುಡದ ನೋಡ್ರಿ, ದವಾಖಾನಿ ಬಾಗಲಾ ಹಾಕತೀರಿ."

ಒರತೆ ಇದ್ದರೆ ಮಾಸುಮಬಿ ಇಲ್ಲಿ, ಮಗ ಮೋದಿನಸಾಬನ ಮನೆಯಲ್ಲಿ. ಒರತೆ ಇಲ್ಲದಿದ್ದರೆ ನರೇಗಲ್ಲಿನಲ್ಲಿ, ಮಗಳು ಜುಲೇಖಾಳ ಮನೆಯಲ್ಲಿ. ಅದು ನಮ್ಮಿಬ್ಬರಿಗೂ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಆಡಿರಲಿಲ್ಲ.

ಮೂರು ವರ್ಷದ ಹಿಂದೆ ಮೈಲಾರಪ್ಪ ರೋಣದ ರಸ್ತೆಗೆ ನರ್ಸರಿ ಹಾಕಿದ. ಬೋಳು ಗುಡ್ಡಗಳಿಗೆ ಗಿಡ ನೆಡುವ ಯಾವುದೋ ಸಂಸ್ಥೆಯವರು ಅವನಿಗೆ ಒಂದು ಲಕ್ಷ ಸಸಿ ಹೇಳಿದ್ದರು. ಬೇವು, ಹುಲಗಲ, ಹುಣಸೆ. ಸಣ್ಣ ಪ್ಲಾಸ್ಟಿಕ್ ಚೀಲಕ್ಕೆ ಮಣ್ಣು ತುಂಬಿ ಬೀಜ ಊರಿ ನೀರು ಹಾಕಲು ಹತ್ತು ಹೆಣ್ಣಾಳು ಬೇಕಾದವು. ಹಿಂದೆ ಎರಡು ಕಡೆ ಆ ಕೆಲಸ ಮಾಡಿದ್ದೆನೆಂದು ನನ್ನನ್ನು ಹತ್ತೂ ಜನಕ್ಕೆ ಹಿರಿಯಳನ್ನಾಗಿ ಮಾಡಿದ.

ಮೊದಲ ವರ್ಷ ಎರೆಮಣ್ಣು ತರಿಸಿ ತುಂಬಿದೆವು. ನೀರು ಹಾಕಿದ ದಿನ ಅಂಟು, ನಾಲ್ಕನೇ ದಿನಕ್ಕೆ ಕಲ್ಲು. ಮಣ್ಣು ಕುಗ್ಗಿ ಚೀಲದ ಬದಿ ಬಿಟ್ಟುಬಿಡುತ್ತಿತ್ತು. ಹಾಕಿದ ನೀರು ಆ ಸಂದಿಯಿಂದ ಇಳಿದುಹೋಗಿ ಬೇರಿಗೆ ಹತ್ತುತ್ತಲೇ ಇರಲಿಲ್ಲ. ಸಸಿಗಳು ಸಾಲುಸಾಲಾಗಿ ಸತ್ತವು. ನಮ್ಮ ಗುಂಪಿನ ಉಮಾಶ್ರೀಯ ನಾಲಿಗೆ ಬಲು ಹರಿತ. ಅವಳು ಒಂದು ಚೀಲ ಎತ್ತಿ ಮೈಲಾರಪ್ಪನ ಮುಂದೆ ಕುಟ್ಟಿದಳು.

"ಸಾವ್ಕಾರ್ರ, ಸಸಿ ಬಿಡ್ರಿ. ಇವನ್ನ ಭಟ್ಟಿಗೆ ಹಾಕದನ ಇಟ್ಟಂಗಿ ಅಂತ ಮಾರಬಹುದು ನೋಡ್ರಿ."

"ನಗ್ರಿ, ನಗ್ರಿ. ಮುಂದಿನ ತಿಂಗಳಾ ಸಂಸ್ಥೆ ಮಂದಿ ನೋಡಾಕ ಬರ್ತಾರ. ಅವ್ರ ಮುಂದ ನನ್ನ ನಿಲ್ಲಿಸಿ ನಗ್ರಿ," ಅಂದ ಮೈಲಾರಪ್ಪ.

ಆಮೇಲೆ ಗರಸು, ಕಲ್ಲುಹರಳಿನ ಮಣ್ಣು ತಂದೆವು. ಅದು ಇನ್ನೂ ಚೆಂದ. ಮೇಲೆ ಹಾಕಿದ ನೀರು ಸೋರಿ ಕಾಲಿಗೆ ಬರುತ್ತಿತ್ತು. ಎರಡನ್ನೂ ಕಲಸಿದೆವು, ಮರಳು ಸೇರಿಸಿದೆವು. ಯಾವುದೂ ಆಗಲಿಲ್ಲ. ಆಗ ನನಗೆ ಒರತೆಯ ಮೇಲಿನ ಕೊಳ್ಳ ನೆನಪಾಯಿತು.

ಅಲ್ಲಿ ದಿಂಡಲ, ಮಸವಾಳ, ಕಾರಿಕಂಟಿ ದಟ್ಟವಾಗಿ ಬೆಳೆದಿದ್ದವು. ಬಂಡೆಗಳ ನಡುವಿನ ತಗ್ಗುಗಳಲ್ಲಿ ವರ್ಷಗಟ್ಟಲೆ ಉದುರಿದ ಎಲೆ ಕೊಳೆತು ಗೇಣು ಆಳ, ಕೆಲವು ಕಡೆ ಮೊಳ ಆಳ ಕೂತಿತ್ತು. ಕಟ್ಟಿಗೆಗೆ ಹೋದಾಗ ಅದರ ಮೇಲೆ ನಡೆದರೆ ಹಾಸಿಗೆಯ ಮೇಲೆ ಕಾಲಿಟ್ಟಂತೆ ಅನಿಸುತ್ತಿತ್ತು. ಒಂದು ಬುಟ್ಟಿ ತುಂಬಿ ತಂದೆ. ಆರು ಚೀಲ ಆಯಿತು. ಸೋಮವಾರ ನೀರು ಹಾಕಿದೆ, ಮಂಗಳವಾರ ಬುಧವಾರ ಬೇಕೆಂದೇ ಬಿಟ್ಟೆ. ಗುರುವಾರ ಒಂದು ಚೀಲ ಹರಿದು ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿದೆ. ಬೆರಳ ಸಂದಿಯಿಂದ ನೀರು ಜಿನುಗಿತು.

ಮೈಲಾರಪ್ಪನ ಕೈಗೂ ಒಂದು ಮುಷ್ಟಿ ಕೊಟ್ಟೆ. ಹಿಂಡಿ ನೋಡಿದ, ಮೂಸಿ ನೋಡಿದ.

"ಕಲ್ಲವ್ವಾ, ಇದೇನ ಮಣ್ಣ ಏನ ಹತ್ತಿ? ಎಲ್ಲಿತ್ತ ಇದು?"

"ನಮ್ಮ ಕೊಳ್ಳದಾಗ ಐತ್ರಿ. ಬೇಕಾದಷ್ಟೈತಿ."

ಬೇಕಾದಷ್ಟಿದೆ ಅಂದೆ. ಆ ಮಾತು ನನ್ನ ಬಾಯಿಂದಲೇ ಬಂದದ್ದು.

ಮರುವಾರವೇ ಮೋದಿನಸಾಬನ ಟ್ರ್ಯಾಕ್ಟರು ಕೊಳ್ಳದ ಬಾಯಿಗೆ ಬಂದು ನಿಂತಿತು. ಮಾಸುಮಬಿಯ ಮಗನೇ ಅವನು. ಮೈಲಾರಪ್ಪನ ಹತ್ತಿರ ಡ್ರೈವರಾಗಿದ್ದ. ನಾವು ಹತ್ತು ಜನ ಸಲಿಕೆ, ಬುಟ್ಟಿ ಹಿಡಿದು ಮೇಲೆ ಹತ್ತಿದೆವು. ಒಣ ಎಲೆಯನ್ನು ಬದಿಗೆ ಎಳೆದು ಅದರ ಕೆಳಗಿನ ಕರಿಮಣ್ಣು ಕೆರೆದು ಸಾಲಾಗಿ ನಿಂತು ಕೈಯಿಂದ ಕೈಗೆ ಇಳಿಸಿದೆವು. ಎರಡನೇ ಟ್ರ್ಯಾಲಿ ತುಂಬುವಾಗ ಮಾಸುಮಬಿ ಕೋಲೂರಿಕೊಂಡು ಹತ್ತಿ ಬಂದಳು. ಏದುಸಿರು ಬಿಡುತ್ತಿದ್ದಳು.

"ಏ ಕಲ್ಲವ್ವಾ, ಏನ ನಡಸೀರಿ ಇದು?"

"ಸಸಿಗೆ ಮಣ್ಣಕ್ಕಾ. ಇದರಾಗ ಹಾಕಿದ್ರ ಒಂದೂ ಸಾಯಂಗಿಲ್ಲ ನೋಡು."

"ಗುಡ್ಡ ಹೊತ್ಕೊಂಡಿದ್ದ ಕೌದಿನ ಎಳದ ಒಯ್ಯಾಕತ್ತೀರಲ್ಲ. ನಮ್ಮತ್ತಿ ಇಲ್ಲೆ ಒಂದು ಬುಟ್ಟಿ ಗೊಬ್ಬರಾ ತಗೊಂಡ್ರೂ ಬೈತಿದ್ಲು."

"ನಿಮ್ಮತ್ತಿ ಗಾಳಿ ಬೀಸಿದ್ರೂ ಬೈತಿದ್ಲು ಬಿಡಕ್ಕಾ," ಅಂದೆ. ಎಲ್ಲರೂ ನಕ್ಕರು. ಮಾಸುಮಬಿಯೂ ನಕ್ಕಳು. ನಾನು ಮುಂದುವರಿಸಿದೆ. "ಗಿಡಾ ಒಂದೂ ಮುಟ್ಟಿಲ್ಲ. ಟೊಂಗಿ ಸೈತ ಮುರದಿಲ್ಲ. ಎಲಿ ವರ್ಷಾ ಉದುರತಾವ, ಮತ್ತ ತುಂಬಕೋತೈತಿ. ಈ ಮಣ್ಣಾಗ ಲಕ್ಷ ಗಿಡಾ ಆಗತಾವ ಅಂದ್ರ ಪುಣ್ಯೇದ ಕೆಲಸ ಅಲ್ಲೇನಕ್ಕಾ?"

"ಹಂಗಂತೀಯೇನ?" ಅಂದು ಆಕೆ ಕಾಲಡಿಯ ಎಲೆಯನ್ನು ಕೋಲಿನಿಂದ ಕೆದರಿದಳು. "ನಿನಗ ನನಗಿಂತ ತಿಳೀತೈತವ್ವಾ ಮಣ್ಣಿಂದು." ಮಗ ಕೈ ಹಿಡಿದು ಕೆಳಗಿಳಿಸಿದ.

ನಮಗೆ ಕೊಡಲಿಯ ಭಯ ಮಾತ್ರ ಗೊತ್ತಿತ್ತು. ಯಾರಾದರೂ ದಿಂಡಲದ ಬುಡಕ್ಕೆ ಕೊಡಲಿ ಹಾಕಿದ್ದರೆ ಹದಿನೆಂಟೂ ಮನೆ ಎದ್ದು ಬರುತ್ತಿತ್ತು. ಬುಟ್ಟಿ ಹೊತ್ತವರನ್ನು ಕಂಡು ಯಾರೂ ಏಳಲಿಲ್ಲ. ಆ ಚಳಿಗಾಲ, ಮರುವರ್ಷದ ಚಳಿಗಾಲ, ಎರಡೂ ಹಂಗಾಮು ಕೆರೆದೆವು. ಮೊದಲು ತಗ್ಗುಗಳು, ಆಮೇಲೆ ಇಳಿಜಾರು, ಕಡೆಗೆ ಬೇರಿನ ಸಂದಿಗೆ ಕೈ ಹಾಕಿ. ಸಸಿಗಳು ಮಾತ್ರ ನೋಡುವ ಹಾಗೆ ಎದ್ದವು. ನೋಡಲು ಬಂದವರು ನನ್ನನ್ನು ಸಸಿಗಳ ನಡುವೆ ನಿಲ್ಲಿಸಿ ಫೋಟೋ ಹೊಡೆದುಕೊಂಡರು.

ಮೊದಲ ಬೇಸಿಗೆಯಲ್ಲೇ ಒರತೆ ಸಣ್ಣಗಾಗಿತ್ತು. ಮೊದಲು ಒಂದು ಎಲೆ ಅಡಿಕೆ ಹಾಕಿ ಅಗಿದು ಉಗುಳುವಷ್ಟರಲ್ಲಿ ಕೊಡ ತುಂಬುತ್ತಿತ್ತು. ಈಗ ಎಲೆ ಅಡಿಕೆ ಮುಗಿದು, ಮಾತು ಮುಗಿದು, ಆಕಳಿಕೆ ಬಂದರೂ ಕೊಡದ ಕುತ್ತಿಗೆಗೆ ನೀರು ಏರಿರುತ್ತಿರಲಿಲ್ಲ. ಎರಡನೇ ಬೇಸಿಗೆಗೆ ದಾರದಷ್ಟಾಯಿತು, ಆಮೇಲೆ ಹನಿ. ಸಾಲಿನಲ್ಲಿ ಜಗಳ ಶುರುವಾಯಿತು. ಐವತ್ತು ವರ್ಷದಲ್ಲಿ ಅಲ್ಲಿ ಯಾರೂ ಯಾರ ಕೊಡವನ್ನೂ ಒದ್ದದ್ದು ನಾನು ಕಂಡಿರಲಿಲ್ಲ, ಆ ವರ್ಷ ಕಂಡೆ. ಪಂಚಾಯ್ತಿಗೆ ಹೋಗಿ ಟ್ಯಾಂಕರ್ ಕೇಳಿದರೆ, ನಿಮ್ಮಲ್ಲಿ ನಲ್ಲಿ ಇದೆಯಲ್ಲ ಅಂದರು. ಗಂಡಸರು ಸಭೆ ಸೇರಿ ಒರತೆಯ ಬಾಯಿ ಚೊಕ್ಕಟ ಮಾಡಿಸಿದರು, ತೆಂಗಿನಕಾಯಿ ಒಡೆದರು. ಹನಿ ಹನಿಯಾಗಿಯೇ ಉಳಿಯಿತು.

ಮಾಸುಮಬಿಗೆ ದಿನಕ್ಕೆ ಎರಡು ತಂಬಿಗೆ ಸೀನೀರು ಸಿಕ್ಕರೆ ಹೆಚ್ಚು. ಅದಕ್ಕೆ ಆಕೆ ನೀರು ಕುಡಿಯುವುದನ್ನೇ ಕಡಿಮೆ ಮಾಡಿದಳು. ಅದೂ ಅಷ್ಟೇ ಕೆಟ್ಟದ್ದು. ನೋವು ಬಂದಾಗ ಸೊಂಟಕ್ಕೆ ಸೆರಗು ಬಿಗಿದುಕೊಂಡು ಕಟ್ಟೆಯ ಮೇಲೆ ಬಾಗಿ ಕೂತಿರುತ್ತಿದ್ದಳು.

ನನಗೆ ತಿಳಿದದ್ದು ನರ್ಸರಿಯಲ್ಲಿ, ಒಂದು ಮಧ್ಯಾಹ್ನ. ಎರಡು ದಿನ ನೀರು ಹಾಕದ ಸಾಲಿನಲ್ಲಿ ಒಂದು ಬೇವಿನ ಸಸಿ ರೋಗ ಹತ್ತಿ ಒಣಗಿತ್ತು. ಕೀಳೋಣವೆಂದು ಚೀಲ ಹರಿದೆ. ಹೊರಗೆ ಬಿಸಿಲಿಗೆ ಕಾಲು ಸುಡುತ್ತಿತ್ತು, ಒಳಗೆ ಮಣ್ಣು ತಣ್ಣಗಿತ್ತು, ಒದ್ದೆಯಾಗಿತ್ತು. ಸಣ್ಣ ಸಣ್ಣ ಬೇರುಗಳ ಬಲೆ, ಹುಳ ಕೊರೆದ ತೂತು, ಕೊಳೆತ ಎಲೆಯ ಚೂರು, ಎಲ್ಲದರ ಒಳಗೂ ನೀರು ಅಡಗಿ ಕೂತಿತ್ತು. ಅದನ್ನು ಕೈಯಲ್ಲಿ ಹಿಡಿದುಕೊಂಡು ನಾನು ಗುಡ್ಡದ ಕಡೆ ನೋಡಿದೆ. ಒಂದು ಬೊಗಸೆ ಮಣ್ಣು ಮೂರು ದಿನದ ನೀರು ಹಿಡಿಯುತ್ತದೆ ಅಂದರೆ, ಇಡೀ ಕೊಳ್ಳದ ಮಣ್ಣು ಎಷ್ಟು ಹಿಡಿದಿತ್ತು? ಮಳೆಗಾಲದ ನೀರನ್ನು ನಿಲ್ಲಿಸಿ, ನಿಧಾನಕ್ಕೆ ಕೆಳಗಿನ ಬಂಡೆಯ ಸೀಳಿಗೆ ಬಿಟ್ಟು, ಬೇಸಿಗೆ ತನಕ ನಮಗೆ ಕಿರುಬೆರಳಿನಷ್ಟು ಕೊಡುತ್ತಿದ್ದದ್ದು ಇದೇ. ಅದನ್ನು ನಾವು ಲಕ್ಷ ಚೀಲಕ್ಕೆ ತುಂಬಿ, ಲಾರಿಗೆ ಏರಿಸಿ ಕಳಿಸಿಬಿಟ್ಟಿದ್ದೆವು. ಮಣ್ಣಿನ ಗುಣ ನನಗೆ ಚೀಲದಲ್ಲಿ ಗೊತ್ತಿತ್ತು. ಗುಡ್ಡದಲ್ಲೂ ಅದು ಅದೇ ಕೆಲಸ ಮಾಡುತ್ತಿರಬಹುದೆಂದು ಎರಡು ವರ್ಷ ನನ್ನ ತಲೆಗೆ ಹೊಳೆಯಲೇ ಇಲ್ಲ.

ಆದರೂ ಮನಸ್ಸು ಒಪ್ಪಲಿಲ್ಲ. ಮುಂಗಾರಿನ ಮಿರಗದ ಮಳೆ ಬರಲಿ, ನೋಡೋಣ ಅಂದುಕೊಂಡೆ. ಮಳೆ ಬಂತು, ಚೆನ್ನಾಗಿಯೇ ಬಂತು. ನಾನು ಗೋಣಿಚೀಲ ಕೊಪ್ಪೆ ಹಾಕಿಕೊಂಡು ಕೊಳ್ಳಕ್ಕೆ ಹತ್ತಿದೆ. ಗಿಡಗಳು ನಿಂತಿದ್ದವು, ಅವುಗಳ ಬೇರುಗಳು ಹೊರಗೆ ಬಿದ್ದು ಮುದುಕಿಯ ಕೈಯ ನರದಂತೆ ಕಾಣುತ್ತಿದ್ದವು. ಮೊದಲು ಅಲ್ಲಿ ಮಳೆ ಬಿದ್ದರೆ ಸದ್ದೇ ಆಗುತ್ತಿರಲಿಲ್ಲ. ಈಗ ಹನಿಗಳು ಬರಿ ನೆಲಕ್ಕೆ ಟಪಟಪ ಬಡಿದು ಸಿಡಿಯುತ್ತಿದ್ದವು. ನೆಲ ಒಂದು ಗುಟುಕೂ ಕುಡಿಯಲಿಲ್ಲ. ಕೆಂಪು ನೀರು ಬಂಡೆಯ ಮೇಲಿನಿಂದ ಧುಮುಕಿ ಹಳ್ಳಕ್ಕೆ ಹೋಯಿತು. ಒಂದು ತಾಸಿಗೆ ಮಳೆ ನಿಂತಿತು, ಇನ್ನೊಂದು ತಾಸಿಗೆ ಹಳ್ಳವೂ ನಿಂತಿತು. ಒರತೆಯ ಬಾಯಿಗೆ ಕೈ ಇಟ್ಟೆ. ಹನಿಯೂ ನಿಂತಿತ್ತು.

ಮೈಲಾರಪ್ಪನ ಹತ್ತಿರ ಹೋಗಿ, ಮಣ್ಣು ವಾಪಸು ಕೊಡ್ರಿ ಅಂದೆ.

"ಏನ ಕೊಡ್ಲಿ?"

"ಮಣ್ಣ್ರಿ. ಉಳದ ಚೀಲದ್ದ."

ಅವನು ನನ್ನ ಮುಖ ನೋಡಿದ. ತಮಾಷೆಯಲ್ಲ ಎಂದು ತಿಳಿದ ಮೇಲೆ ಅವನ ದನಿ ಮೆತ್ತಗಾಯಿತು. "ಕಲ್ಲವ್ವಾ, ಒಂದು ಟ್ರ್ಯಾಲಿ ಹಾಕಿದ್ರ ಗುಡ್ಡ ತುಂಬತೈತೇನ? ಸತ್ತ ಸಸಿ ಚೀಲ ಅದಾವ, ಒಯ್ಯಿ. ಹೆಂಗೂ ಚೆಲ್ಲಬೇಕಿತ್ತು."

ಎರಡು ಟ್ರ್ಯಾಲಿ ಆಯಿತು. ಮೋದಿನಸಾಬ ಕೊಳ್ಳದ ಬಾಯಿಗೆ ತಂದು ಸುರಿದ. ಆಮೇಲೆ ಹೊರುವುದು ನಮ್ಮ ಪಾಲಿಗೆ. ಉಮಾಶ್ರೀ ಬುಟ್ಟಿ ತಲೆಗಿಟ್ಟುಕೊಂಡು, "ಇಳಸಾಕ ಕೂಲಿ ಕೊಟ್ರು, ಏರಸಾಕ ಪುಕಟ. ಹಿಂಗಾದ್ರ ಹಿರೇತನ ಚಲೋ ನಡಸೀದಿ ಬಿಡು ಚಿಗವ್ವಾ" ಅಂದಳು. ಅಂದರೂ ಮೂರು ದಿನ ಹೊತ್ತಳು. ನಾಲ್ಕನೇ ದಿನ ಬರಲಿಲ್ಲ. ಉಳಿದದ್ದನ್ನು ನಾನು ಹೊತ್ತೆ, ಹದಿನೈದು ದಿನ. ಮಾಸುಮಬಿ ಕೆಳಗೆ ಕೂತು ಚೀಲ ಹರಿದು ಮಣ್ಣು ಬಿಡಿಸಿ ಕೊಡುತ್ತಿದ್ದಳು. ಮೇಲೆ ನಾನು ತಗ್ಗುಗಳಿಗೆ ಹಾಕಿ, ಕೈಯಿಂದ ಹರವಿ, ಸಿಕ್ಕ ಒಣ ಎಲೆ ಹೊದಿಸಿ, ಎಲೆ ಹಾರದಂತೆ ಕಲ್ಲು ಇಡುತ್ತಿದ್ದೆ.

"ಬರತೈತೇನ ಕಲ್ಲವ್ವಾ ನೀರು?" ದಿನಾ ಕೇಳುತ್ತಿದ್ದಳು.

"ಬರತೈತಕ್ಕಾ. ಉತ್ತರಿ ಮಳಿಗೆ ನೋಡು."

ಉತ್ತರೆ ಮಳೆ ಒಂದು ಸಂಜೆ ಬಂತು, ಬಾನು ಹರಿದ ಹಾಗೆ. ನಾವಿಬ್ಬರೂ ಆಕೆಯ ಬಾಗಿಲಲ್ಲಿ ಕೂತು ನೋಡಿದೆವು. ಮೊದಲು ಬಂಡೆಯ ಮೇಲಿನಿಂದ ಕೆಂಪು ನೀರು ಬಂತು. ಆಮೇಲೆ ಅದು ಕಪ್ಪಾಯಿತು. ಆ ಬಣ್ಣ ಏನೆಂದು ನನಗೆ ಗೊತ್ತಾಯಿತು. ಎದ್ದು ಓಡಲು ಹೊರಟವಳ ಸೆರಗನ್ನು ಮಾಸುಮಬಿ ಹಿಡಿದಳು.

"ಕೂಡು. ಎಲ್ಲಿಗೆ ಹೋಗತಿ? ನೀರಿಗೆ ಅಡ್ಡ ಮಲಗತೀಯೇನ?"

ಮಳೆ ನಿಂತ ಮೇಲೆ ಹೋಗಿ ನೋಡಿದರೆ ಡೋಣಿಯ ತುಂಬ ಕರಿಮಣ್ಣು, ಅದರ ಮೇಲೆ ನಾನು ಹೊದಿಸಿದ್ದ ಎಲೆ. ಹಳೆಯ ಮಣ್ಣು ಬೇರಿನ ಜೊತೆ, ಕಲ್ಲಿನ ಜೊತೆ ಹೆಣೆದುಕೊಂಡು ಕೂತಿತ್ತು. ನಾನು ತಂದು ಹಾಕಿದ್ದು ಸುಮ್ಮನೆ ಮೇಲೆ ಕೂತಿತ್ತು. ಕಿತ್ತದ್ದನ್ನು ತಂದು ಇಟ್ಟ ಮಾತ್ರಕ್ಕೆ ಅದು ಮೊದಲಿನ ಹಾಗೆ ಹತ್ತಿಕೊಳ್ಳುವುದಿಲ್ಲ. ಮಾಸುಮಬಿ ಡೋಣಿಯ ಅಂಚಿನಲ್ಲಿ ಕೂತು ಒಂದು ಮುಷ್ಟಿ ಮಣ್ಣು ತೆಗೆದುಕೊಂಡಳು. ನಾನು ಅಲ್ಲಿಯವರೆಗೆ ಹೇಳದಿದ್ದದ್ದನ್ನು ಹೇಳಿದೆ.

"ನನ್ನ ತಪ್ಪಕ್ಕಾ. ನನಗ ಗೊತ್ತಾಗಲಿಲ್ಲ."

"ಗೊತ್ತಾಗಲಿಲ್ಲ ಅನಬ್ಯಾಡ," ಅಂದಳು. ಸಿಟ್ಟಿನಿಂದಲ್ಲ. "ನಿನಗ ಗೊತ್ತಿತ್ತು ಈ ಮಣ್ಣ ನೀರ ಹಿಡೀತೈತಿ ಅಂತ. ಗೊತ್ತಿದ್ದದ್ದಕ್ಕ ಒಯ್ದಿ. ಗೊತ್ತಿಲ್ಲದವರು ಬಂದಿದ್ರ ಗರಸ ಕೆದರಕೊಂಡು ಹೋಗತಿದ್ರು, ನನ್ನ ವರತಿ ಉಳೀತಿತ್ತು."



ದೀಪಾವಳಿಯ ಮುಂದೆ ಆಕೆಗೆ ಮೂರನೇ ಸಲ ನೋವು ಬಂತು. ಗದಗಿನಿಂದ ನೇರವಾಗಿ ಜುಲೇಖಾ ನರೇಗಲ್ಲಿಗೆ ಕರೆದುಕೊಂಡು ಹೋದಳು. ಬಟ್ಟೆಬರೆ ಒಯ್ಯಲು ಸಹ ಮಾಸುಮಬಿ ಇಲ್ಲಿಗೆ ಬರಲಿಲ್ಲ. ಮೋದಿನಸಾಬನೇ ಗಂಟು ಕಟ್ಟಿ ಬಸ್ಸಿಗೆ ಹಾಕಿದ.

ಅದಾದ ಹದಿನೈದು ದಿನಕ್ಕೆ ಮೈಲಾರಪ್ಪ ನನ್ನ ಮನೆಯ ತನಕ ಬಂದ. ಈ ಸಲ ಎರಡು ಲಕ್ಷ ಸಸಿ ಅಂದ.

"ಅಂಥಾ ಮಣ್ಣ ಇನ್ನೆಲ್ಲೆರೆ ಐತೇನ ಕಲ್ಲವ್ವಾ? ಈ ಗುಡ್ಡದಾಗ ನಿನಗ ಗೊತ್ತಿಲ್ಲದ ಮೂಲಿ ಇಲ್ಲ."

ಇತ್ತು. ಗುಡ್ಡದ ಆಚೆ ಬದಿಗೆ ಹುಣಸಿಕೊಳ್ಳ, ನಮ್ಮದಕ್ಕಿಂತ ದೊಡ್ಡದು. ಅದರ ಕೆಳಗೂ ಒಂದು ಒರತೆ, ಮೂವತ್ತು ಮನೆ.

"ಇಲ್ರಿ. ಎಲ್ಲೂ ಇಲ್ಲ," ಅಂದೆ. ಇಡೀ ಜೀವಮಾನದಲ್ಲಿ ಅಷ್ಟು ಗಟ್ಟಿಯಾಗಿ ಸುಳ್ಳು ಹೇಳಿರಲಿಲ್ಲ. ಕೆಲಸವನ್ನೂ ಬಿಟ್ಟೆ.

ಒಂದು ವಾರಕ್ಕೆ ಟ್ರ್ಯಾಕ್ಟರು ಆಚೆ ಬದಿಗೆ ಹೋಗುತ್ತಿದೆ ಅಂತ ಉಮಾಶ್ರೀ ಹೇಳಿದಳು. ಜಾಗ ತೋರಿಸಿದವನು ಮೋದಿನಸಾಬ. ದಾರಿಯಲ್ಲಿ ಅಡ್ಡ ಹಾಕಿ ಕೇಳಿದೆ.

"ನಿಮ್ಮವ್ವ ಯಾಕ ಊರ ಬಿಟ್ಳು ಅಂತ ಗೊತ್ತೈತಲ್ಲೋ ನಿನಗ?"

ಅವನು ಇಂಜಿನು ಆರಿಸಲಿಲ್ಲ. ತಲೆ ತಗ್ಗಿಸಿ ಹೇಳಿದ. "ಗೊತ್ತೈತಿ ಚಿಗವ್ವಾ. ನಾ ಒಲ್ಲೆ ಅಂದ್ರ ನಾಳೆ ಇನ್ನೊಬ್ಬ ಹತ್ತಿ ಕುಂದರತಾನ. ಅವ್ವಗ ಅಲ್ಲೆ ಚಲೋ ನೀರ ಐತಿ."

ಮರುದಿನ ಬೆಳಿಗ್ಗೆ ನಾನು ಗುಡ್ಡ ಸುತ್ತುಹಾಕಿ ಹುಣಸಿಕೊಳ್ಳದ ಕೆಳಗಿನ ಓಣಿಗೆ ನಡೆದೆ. ಹೋಗುವಷ್ಟರಲ್ಲಿ ಬಿಸಿಲೇರಿತ್ತು. ಒರತೆಯ ಹತ್ತಿರ ಏಳೆಂಟು ಹೆಣ್ಣುಮಕ್ಕಳು ಕೂತಿದ್ದರು. ಮೇಲೆ ಸಲಿಕೆಯ ಸದ್ದು ಕೇಳುತ್ತಿತ್ತು. ನಾನು ಎಲ್ಲವನ್ನೂ ಹೇಳಿದೆ: ಚೀಲ, ಮಣ್ಣು, ಬಂಡೆಯ ಸೀಳು, ಮಾಸುಮಬಿ. ಮಾತು ತಡವರಿಸಿದಲ್ಲಿ ಮತ್ತೆ ಮೊದಲಿಂದ ಹೇಳಿದೆ. ಅವರು ಮರ್ಯಾದೆಯಿಂದಲೇ ಕೇಳಿದರು. ನಾಜಮೀನ ಎಂಬ ಹೊಸ ಸೊಸೆ, ಕಂಕುಳಲ್ಲಿ ಕೂಸು ಇಟ್ಟುಕೊಂಡಿದ್ದವಳು, ನಕ್ಕಳು.

"ಅಜ್ಜಿ, ಅವ್ರು ಎಲಿ ಕಸಾ ಬಳಕೊಂಡು ಹೊಂಟಾರ. ನೀರೇನ ಒಯ್ಯಾಕತ್ತಿಲ್ಲಲ್ಲ. ನೋಡ್ರಿ, ಹ್ಯಾಂಗ ಬೀಳಾಕತ್ತೈತಿ."

"ನಮ್ಮ ಮಂದೀನ ಕೂಲಿಗೆ ಹೋಗ್ಯಾರಬೇ ಯಮ್ಮಾ," ಅಂದಳು ಇನ್ನೊಬ್ಬಳು. "ನಾಕು ದಿನದ ಕೆಲಸಾ. ಅದನ್ನೂ ಬ್ಯಾಡ ಅಂದ್ರ ಹ್ಯಾಂಗ?"

ಮೂರನೆಯವಳು ಮೆಲ್ಲಗೆ ಪಕ್ಕದವಳಿಗೆ ಹೇಳಿದ್ದು ನನಗೂ ಕೇಳಿಸಿತು: "ಪಾಪ, ಬಿಸಲಾಗ ನಡದ ಬಂದೈತಿ ಮುದುಕಿ. ಮೊದಲ ನೀರ ಕೊಡು."

ನಾಜಮೀನ ಕೂಸನ್ನು ಕೆಳಗಿಳಿಸಿ ತಂಬಿಗೆಯನ್ನು ಧಾರೆಗೆ ಹಿಡಿದಳು. ಹಿಡಿಯುವಷ್ಟರಲ್ಲಿ ತುಂಬಿತು. ನಾನು ಎತ್ತಿ ಕುಡಿದೆ. ತಣ್ಣಗಿತ್ತು, ಸಿಹಿಯಾಗಿತ್ತು. ಐದಾರು ತಿಂಗಳಿಂದ ಬಾಯಲ್ಲಿ ಕೂತಿದ್ದ ಸವಳು ಹೋಯಿತು. ಮೇಲಿನಿಂದ ಟ್ರ್ಯಾಲಿಗೆ ಬುಟ್ಟಿ ಸುರಿದ ಸದ್ದು ಬಂತು, ಮತ್ತೊಂದು ಬಂತು. ಇನ್ನೊಂದು ತಂಬಿಗೆ ಕೊಡವ್ವಾ ಅಂದೆ. ಕೊಟ್ಟಳು.